ನಿಸ್ಸೆನ್‌ನ ಮಗ ಹೆಶಲ್‌ನ ನೆನಪಿಗೆ

ಹೆನ್ಯಾ ಡ್ರುಕರ್‌ಳನ್ನು ಫ್ರೂಮಾ ಮೊದಲು ಕಂಡದ್ದು ಹೆನ್ಯಾಳ ತಂಗಿಯ ಹೆಣಕ್ಕೆ ನೀರು ಹಾಕಿದ ದಿನ. ಜನವರಿ ತಿಂಗಳು, ಮಂಗಳವಾರ. ಬ್ರಾಂಕ್ಸ್‌ನ ಬೀದಿಗಳ ಅಂಚಿನಲ್ಲಿ ಹಿಮ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಸತ್ತ ಯಹೂದಿ ಹೆಂಗಸರನ್ನು ಮೀಯಿಸಿ ಬಿಳಿ ಬಟ್ಟೆ ಉಡಿಸುವ ನಾಲ್ವರಲ್ಲಿ ಫ್ರೂಮಾ ಹಿರಿಯಳು. ಗಂಡ ಜೆಲಿಗ್ ತೀರಿಕೊಂಡ ವರ್ಷ ಆ ಕೆಲಸಕ್ಕೆ ಸೇರಿದವಳು, ಆಗಲೇ ಇಪ್ಪತ್ತೆರಡು ವರ್ಷ ಆಗಿತ್ತು. ಅದಕ್ಕೆ ಯಾರೂ ಕೂಲಿ ತೆಗೆದುಕೊಳ್ಳುವುದಿಲ್ಲ.

ಕೆಲಸ ಮುಗಿಸಿ ಕೈ ತೊಳೆದುಕೊಂಡು ಹೊರಗೆ ಬಂದಾಗ ಬೆಂಚಿನ ಮೇಲೆ ಒಬ್ಬಳು ಕೂತಿದ್ದಳು. ಎಪ್ಪತ್ತರ ಹೆಂಗಸು, ಸಣ್ಣ ಆಳು, ಕೋಟು ಬಿಚ್ಚಿರಲಿಲ್ಲ. ತೊಡೆಯ ಮೇಲೆ ಒಂದು ಕಂದು ಕಾಗದದ ಚೀಲ. ಅಳುತ್ತಿರಲಿಲ್ಲ.

"ನೀರು ತಣ್ಣಗಿತ್ತಾ?" ಅಂತ ಕೇಳಿದಳು.

"ಇಲ್ಲ. ಉಗುರುಬೆಚ್ಚಗೆ ಮಾಡ್ಕೋತೀವಿ. ಅದು ಪದ್ಧತಿ."

"ಹಾಗಾದ್ರೆ ಹನ್ನೊಂದು ದಿನದಲ್ಲಿ ಅವಳಿಗೆ ಬೆಚ್ಚಗಾಗಿದ್ದು ಇವತ್ತೇ."

ಒಳಗೆ ಕಂಡದ್ದನ್ನು ಹೊರಗೆ ಆಡಬಾರದು ಅನ್ನುವುದು ಆ ನಾಲ್ವರ ಕಟ್ಟಳೆ. ಸತ್ತವಳ ಕೆನ್ನೆ ಗಾಳಿಯಲ್ಲಿ ಆಡಿ ಬಂದ ಮಗುವಿನ ಕೆನ್ನೆಯಂತೆ ಕೆಂಪಗಿತ್ತು ಅನ್ನುವುದನ್ನು ಫ್ರೂಮಾ ಹೇಳಲಿಲ್ಲ. ಹೆನ್ಯಾ ತಾನೇ ಚೀಲ ಬಿಚ್ಚಿ ತೋರಿಸಿದಳು. ನಗರದ ವೈದ್ಯರು ಪರೀಕ್ಷೆ ಮುಗಿಸಿ ವಾಪಸು ಕೊಟ್ಟ ಬಟ್ಟೆ. ಉಣ್ಣೆಯ ಕಾಲುಚೀಲ ಮೂರು ಜೊತೆ, ಒಂದರೊಳಗೆ ಒಂದು ಇನ್ನೂ ಹಾಗೇ ಇದ್ದವು. ಫ್ರೂಮಾ ಅವನ್ನು ಬಿಡಿಸಿ, ಜೊತೆ ಜೊತೆ ಮಾಡಿ, ಮಡಿಸಿ ಕೊಟ್ಟಳು.

ಫ್ರೂಮಾಳಿಗೆ ಓದು ಅಷ್ಟಕ್ಕಷ್ಟೆ. ಶಾಲೆಗೆ ಹೋಗುವ ವಯಸ್ಸನ್ನು ಯುದ್ಧ ತಿಂದಿತ್ತು. ಪ್ರಾರ್ಥನೆಯ ಪುಸ್ತಕವನ್ನು ಬೆರಳಿಟ್ಟು ಓದುವಳು. ಇಂಗ್ಲಿಷಿನಲ್ಲಿ ಅಂಗಡಿ ಬೋರ್ಡು, ಬಸ್ಸಿನ ನಂಬರು, ಅಷ್ಟೇ. ಆದರೆ ಮೀಯಿಸಿದ ಒಬ್ಬೊಬ್ಬಳ ಹೆಸರನ್ನೂ, ಅವಳ ಅಪ್ಪನ ಹೆಸರನ್ನೂ ಮರೆತವಳಲ್ಲ. ಸತ್ತವರನ್ನು ಕರೆಯುವುದು ಅಪ್ಪನ ಹೆಸರಿನಿಂದ. ಕಾಯಿಲೆ ಬಿದ್ದವರು ಬದುಕಲಿ ಎಂದು ಬೇಡುವಾಗ ಮಾತ್ರ ಅಮ್ಮನ ಹೆಸರು ಹೇಳಬೇಕು. ಅವತ್ತು ಅವಳು ನೆನಪಿನಲ್ಲಿ ಇಟ್ಟುಕೊಂಡ ಹೆಸರು, ಮೋಟಲ್‌ನ ಮಗಳು ಪೆಸ್ಯಾ.

ಅಕ್ಕತಂಗಿಯರಿಬ್ಬರೂ ಮದುವೆಯಾದವರಲ್ಲ. ಹೆನ್ಯಾ ನಲವತ್ತೊಂದು ವರ್ಷ ಟೋಪಿ ಕಾರ್ಖಾನೆಯಲ್ಲಿ ಒಳಪಟ್ಟಿ ಹೊಲಿದವಳು, ಅದರಲ್ಲಿ ಹತ್ತೊಂಬತ್ತು ವರ್ಷ ಕೆಲಸಗಾರರ ಪರವಾಗಿ ಮಾಲೀಕರ ಹತ್ತಿರ ಮಾತಾಡುವ ಹೊಣೆ ಹೊತ್ತವಳು. ಅವಳ ಅಪ್ಪ ಕಾರ್ಮಿಕ ಸಂಘದಲ್ಲಿದ್ದವನು. ಅಮ್ಮ ಮೂವತ್ತರ ದಶಕದಲ್ಲಿ ಬಾಡಿಗೆ ಹೆಚ್ಚಿಸಿದವರ ಆಳುಗಳ ಮೇಲೆ ಮೂರನೇ ಮಹಡಿಯಿಂದ ಬಿಸಿನೀರು ಸುರಿದವಳು. ಮೇ ಒಂದರ ಮೆರವಣಿಗೆ ಆ ಮನೆಯಲ್ಲಿ ಹಬ್ಬದಷ್ಟೇ ದೊಡ್ಡದಾಗಿತ್ತು. ದೇವರಿಗೂ ತನಗೂ ಮಾತು ಬಿಟ್ಟು ಬಹಳ ವರ್ಷ ಆಯ್ತು ಅನ್ನುತ್ತಿದ್ದಳು ಹೆನ್ಯಾ. ಆದರೂ ಬ್ರೆಡ್ ನಿಷಿದ್ಧವಾದ ಪಾಸೋವರ್ ಹಬ್ಬದ ಎಂಟು ದಿನ ಅದನ್ನು ಮುಟ್ಟುತ್ತಿರಲಿಲ್ಲ, ಪೆಸ್ಯಾ ರೇಗುತ್ತಾಳೆ ಅಂತ. ಪೆಸ್ಯಾ ಹೋದ ಮೇಲೂ ಮುಟ್ಟಲಿಲ್ಲ.

ಇಬ್ಬರೂ ಐವತ್ತೊಂದು ವರ್ಷ ಒಂದೇ ಕಟ್ಟಡದ ಐದನೇ ಮಹಡಿಯಲ್ಲಿದ್ದರು. ಅಷ್ಟು ಹಳೆಯ ಬಾಡಿಗೆದಾರರ ಬಾಡಿಗೆಯನ್ನು ಕಾನೂನು ಏರಲು ಬಿಡುವುದಿಲ್ಲ. ಅವರು ಬಿಟ್ಟು ಹೋದರೆ ಅದೇ ಮನೆಗೆ ನಾಲ್ಕರಷ್ಟು ಬರುತ್ತದೆ. ಆ ಚಳಿಗಾಲ ಮನೆಗಳನ್ನು ಬೆಚ್ಚಗಿಡುವ ಕಟ್ಟಡದ ಬಾಯ್ಲರ್ ಕೆಟ್ಟಿತು. ಒಂದು ದಿನ, ಎರಡು ದಿನ, ಹನ್ನೊಂದು ದಿನ. ಮಾಲೀಕನ ಆಫೀಸಿನವರು ಬಿಡಿಭಾಗ ಬರಬೇಕು ಅಂದರು. ಹನ್ನೊಂದನೇ ದಿನ ಹೆನ್ಯಾ ನಗರದ ದೂರು ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ ಪೆಸ್ಯಾ ಕಿಟಕಿ ಸಂದಿಗೆ ಬಟ್ಟೆ ತುರುಕಿ, ಗ್ಯಾಸ್ ಒಲೆಯ ನಾಲ್ಕೂ ಉರಿ ಹಚ್ಚಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಹೊಗೆಯಿಲ್ಲದ, ಕೆನ್ನೆ ಕೆಂಪಾಗಿಸುವ ವಿಷ. ನಿದ್ದೆ ಹೋದ ಹಾಗೆಯೇ ಹೋದಳು.

ಆ ಮಾಲೀಕನ ಮನೆತನದ ಹೆಸರು ಇಲ್ಲಿ ಬರುವುದಿಲ್ಲ. ಫ್ರೂಮಾಳ ಪ್ರಾರ್ಥನೆಮನೆಯಲ್ಲಿ ಅವನನ್ನು ಧರ್ಮಗ್ರಂಥದ ಮುಂದೆ ಕರೆಯುವಾಗ ಕೂಗುವ ಹೆಸರು ನಿಸ್ಸೆನ್‌ನ ಮಗ ಹೆಶಲ್. ಮುಂದಿನ ಸಾಲಿನಲ್ಲಿ ಕೂರುವವನು. ಪ್ರಾರ್ಥನೆಮನೆಯ ಬಾಯ್ಲರ್ ಅವನೇ ಕೊಡಿಸಿದ್ದು, ನೆಲಮಾಳಿಗೆಯ ಬಾಗಿಲ ಮೇಲೆ ಹಿತ್ತಾಳೆಯ ಹಲಗೆ ಇತ್ತು. ಅದನ್ನು ಕೇಳಿ ಹೆನ್ಯಾ, "ದೇವರಿಗೆ ಚಳಿ ಆಗಬಾರದಲ್ಲ," ಅಂದಳು. ಅವನ ತಾಯಿ ತೀರಿಕೊಂಡಾಗ ಮೀಯಿಸಿದವಳೂ ಫ್ರೂಮಾಳೇ. ಅವತ್ತು ಅವನು ಅವಳ ಕೈಯಲ್ಲಿ ಐವತ್ತು ಡಾಲರಿನ ನೋಟು ಇಟ್ಟಿದ್ದ. ಅವಳು ಅವನ ಎದುರೇ ಅದನ್ನು ಬಡವರ ಡಬ್ಬಿಗೆ ಹಾಕಿದಳು. ಅವನಿಗೆ ಅದು ಹಿಡಿಸಲಿಲ್ಲ.

ಹೆನ್ಯಾ ಅವನ ಮೇಲೆ ಹಾಕಿದ ದಾವೆಯನ್ನು ಎರಡು ವರ್ಷ ವಕೀಲರು ಎಳೆದಾಡಿದರು. ಕೊನೆಗೆ ಹಣ ಬಂತು, ಹಣದ ಜೊತೆ ಒಂದು ಕಾಗದವೂ ಬಂತು. ಮಾಲೀಕ ಯಾವ ತಪ್ಪನ್ನೂ ಒಪ್ಪಿಲ್ಲ. ಈ ಸಾವಿನ ಜೊತೆ ಅವನ ಹೆಸರನ್ನು ಹೆನ್ಯಾ ಎಲ್ಲೂ ಹೇಳಬಾರದು, ಬರೆಯಬಾರದು. ಹದಿನಾಲ್ಕು ಹಾಳೆಯ ಆ ಕಾಗದದಲ್ಲಿ ಪೆಸ್ಯಾಳ ಹೆಸರು ಒಮ್ಮೆ, ಮೊದಲ ಹಾಳೆಯ ತುದಿಯಲ್ಲಿ. ಆಮೇಲೆ ಉದ್ದಕ್ಕೂ ಬರೀ 'ಮೃತೆ'. ಹೆನ್ಯಾ ಫ್ರೂಮಾಳ ಅಡುಗೆಮನೆಯಲ್ಲಿ ಕೂತು, ಸಕ್ಕರೆಯ ತುಣುಕನ್ನು ಹಲ್ಲಲ್ಲಿ ಕಚ್ಚಿಕೊಂಡು ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಾ, ಅದನ್ನು ಎಣಿಸಿದಳು. ಅರವತ್ತೆರಡು ಸಲ ಮೃತೆ. ಅಷ್ಟು ದಿನವೂ ಆ ಮನುಷ್ಯ ಒಂದು ಸಲವಾದರೂ ತಂಗಿಯ ಹೆಸರನ್ನು ಬಾಯಲ್ಲಿ ಆಡಲಿಲ್ಲ, ಪತ್ರದಲ್ಲಿ ಬರೆಯಲಿಲ್ಲ ಅಂದಳು.

"ನನಗೆ ಅವನ ಕಟ್ಟಡ ಬೇಡ, ಫ್ರೂಮಾ. ಅವನು ಜೈಲಿಗೆ ಹೋಗೋದೂ ಬೇಡ. ನಾಲ್ಕು ಜನರ ಮುಂದೆ ಅವನ ಬಾಯಲ್ಲಿ ಅವಳ ಹೆಸರು ಬರಬೇಕು. ನಾನು ಕೂತು ಕೇಳಬೇಕು."

ಚೆಕ್ಕು ಆರು ವಾರ ಸಕ್ಕರೆ ಡಬ್ಬಿಯಲ್ಲಿತ್ತು. ಏಳನೇ ವಾರ ಫ್ರೂಮಾಳನ್ನೂ ಕರೆದುಕೊಂಡು ಹೆನ್ಯಾ ಮ್ಯಾನ್‌ಹಟನ್‌ನ ಒಂದು ಆಫೀಸಿಗೆ ಹೋದಳು. ಎಡಪಂಥದ ಯಹೂದಿಗಳು ನಡೆಸುವ ದಾನದ ಆಫೀಸು ಅದು. ಬಾಡಿಗೆದಾರರಿಗೆ, ವಲಸೆ ಬಂದವರಿಗೆ, ಕೂಲಿ ಸಿಗದವರ ಜಗಳಕ್ಕೆ ಹಣ ಕೊಡುವವರು. ಹೆನ್ಯಾಳ ಹಳೇ ಸಂಘದ ಗೆಳತಿಯೊಬ್ಬಳು ಸತ್ತಾಗ ಇದ್ದದ್ದನ್ನೆಲ್ಲ ಅಲ್ಲಿಗೇ ಬಿಟ್ಟಿದ್ದಳು. ಗೋಡೆಯ ಮೇಲೆ ಮೆರವಣಿಗೆಗಳ ಫೋಟೋಗಳು, ತಟ್ಟೆಯಲ್ಲಿ ಒಣಗಿದ ಬಿಸ್ಕತ್ತು.

ಅಲ್ಲಿನ ಹುಡುಗಿ ಅವಿವಾ ಪ್ಲಾಟ್ಕಿನ್, ಮೂವತ್ತರ ಆಸುಪಾಸು, ತಾಳ್ಮೆಯಿಂದ ಬಿಡಿಸಿ ಹೇಳಿದಳು. ಹಣ ಒಮ್ಮೆ ಇಲ್ಲಿಗೆ ಹಾಕಿದರೆ ಅದು ನಿಮ್ಮದಲ್ಲ, ವಾಪಸು ಕೇಳುವ ಹಾಗಿಲ್ಲ. ನಿಮ್ಮ ಹೆಸರಿನಲ್ಲೋ, ನೀವು ಹೇಳಿದವರ ಹೆಸರಿನಲ್ಲೋ ಒಂದು ನಿಧಿ ಇರುತ್ತದೆ. ಯಾರಿಗೆ ಕೊಡಬೇಕು ಅಂತ ನೀವು ಸಲಹೆ ಕೊಡಬಹುದು. ಕೊಡುವುದು, ಬಿಡುವುದು ಸಮಿತಿಗೆ ಬಿಟ್ಟಿದ್ದು.

"ಬರೀ ಸಲಹೆಯಾ?" ಅಂದಳು ಹೆನ್ಯಾ. "ನಮ್ಮ ತಂಗಿಗೆ ಅರವತ್ತೆಂಟು ವರ್ಷ ಸಲಹೆ ಕೊಟ್ಟೆ. ಒಂದೂ ಕೇಳಲಿಲ್ಲ. ಅಭ್ಯಾಸ ಇದೆ ಬಿಡಮ್ಮ."

"ನಾವು ಸಾಮಾನ್ಯವಾಗಿ ಕೇಳ್ತೀವಿ, ಮಿಸ್ ಡ್ರುಕರ್."

"ಹಾಗಾದ್ರೆ ನೀವು ನಮ್ಮ ತಂಗಿಗಿಂತ ವಾಸಿ."

ಅರ್ಜಿಯಲ್ಲಿ ನಿಧಿಯ ಹೆಸರು ಬರೆಯುವ ಜಾಗ ಬಂತು. ಪೆಸ್ಯಾ ಅಂತ ಬರೆಸುತ್ತಾಳೆ ಅಂದುಕೊಂಡಿದ್ದಳು ಫ್ರೂಮಾ. ಹೆನ್ಯಾ ಹೇಳಿದ್ದು, "ನಿಸ್ಸೆನ್‌ನ ಮಗ ಹೆಶಲ್‌ನ ನೆನಪಿಗೆ."

ಫ್ರೂಮಾ ಅವಳತ್ತ ತಿರುಗಿದಳು. ಹೆಶಲ್ ಬದುಕಿದ್ದ. ಫ್ರೂಮಾಳ ಜನರಲ್ಲಿ ಬದುಕಿರುವವರ ಹೆಸರನ್ನು ಹುಟ್ಟಿದ ಮಗುವಿಗೂ ಇಡುವುದಿಲ್ಲ. ಸಾವಿನ ದೂತ ಹೆಸರು ಹಿಡಿದು ಹುಡುಕಿಕೊಂಡು ಬಂದಾಗ ಯಾವ ಬಾಗಿಲು ಅಂತ ಗೊಂದಲವಾಗುತ್ತದೆ. ಬದುಕಿರುವವನ ನೆನಪಿಗೆ ಅಂತ ಒಂದು ನಿಧಿಗೆ ಹೆಸರಿಡುವುದು ಅಂದರೆ ಅವನಿಗೆ ಗುಂಡಿ ತೋಡಿದ ಹಾಗೆ. ಆ ಹೊತ್ತು ಅವಳು ಬಾಯಿ ಬಿಡಬಹುದಿತ್ತು. ಕಾಲುಚೀಲಗಳು ನೆನಪಾದವು. ಬಿಡಲಿಲ್ಲ.

ಅವಿವಾಳಿಗೆ ಅನುಮಾನ ಬರುವುದು ಹೇಗೆ? ನೆನಪಿಗೆ ಅಂದಮೇಲೆ ಸತ್ತವನೇ. ತುಂಬಾ ಹತ್ತಿರದವರೇ ಅಂತ ಮೆಲ್ಲಗೆ ಕೇಳಿದಳು.

"ಇಪ್ಪತ್ತೆರಡು ವರ್ಷ ಪ್ರತಿ ತಿಂಗಳು ಒಂದನೇ ತಾರೀಕು ತಪ್ಪದೆ ನನ್ನ ನೆನೆಸ್ಕೊಳ್ತಿದ್ದ," ಅಂದಳು ಹೆನ್ಯಾ.

ಹುಡುಗಿಯ ಕಣ್ಣು ಒದ್ದೆಯಾಯಿತು. ಅವನು ತೀರಿಕೊಂಡ ತಾರೀಕು ಕೇಳಿದಳು. ವರ್ಷ ವರ್ಷವೂ ಆ ದಿನ ಮೊಂಬತ್ತಿ ಹಚ್ಚಲು ನೆನಪಿಸುವ ಪತ್ರ ಆಫೀಸಿನಿಂದ ಬರುತ್ತದಂತೆ. ಹೆನ್ಯಾ ಪೆಸ್ಯಾ ಸತ್ತ ತಾರೀಕು ಕೊಟ್ಟಳು.

ಕೊನೆಯ ಹಾಳೆಯಲ್ಲಿ ಒಂದು ತೊಡಕು ಬಂತು. ದಾನದಿಂದ ದಾನಿಗೆ ಸ್ವಂತ ಲಾಭ ಇರಕೂಡದು. ಹೆನ್ಯಾ ಹಣ ಕೊಡಿಸಬೇಕು ಅಂದುಕೊಂಡದ್ದು ಬಾಡಿಗೆದಾರರ ಸಂಘಕ್ಕೆ. ಆ ಸಂಘ ಅವಳದೇ ಕಟ್ಟಡದ ಪರವಾಗಿ ಕೋರ್ಟಿಗೆ ಹೋಗುವುದಿತ್ತು. ಅವಳು ಅಲ್ಲಿ ಬಾಡಿಗೆಗೆ ಇರುವ ತನಕ ಅದು ಲಾಭವೇ, ಸಮಿತಿ ಒಪ್ಪುವುದಿಲ್ಲ ಅಂದಳು ಅವಿವಾ.

ಹೆನ್ಯಾ ಕೇಳಿದಳು, "ತೃಪ್ತಿ ಲಾಭ ಅನ್ನಿಸ್ಕೊಳ್ಳುತ್ತಾ?"

ಅವಿವಾ ಹಾಳೆಯನ್ನು ಮತ್ತೊಮ್ಮೆ ನೋಡಿದಳು. "ಅದನ್ನ ಇಲ್ಲಿ ಕೇಳಿಲ್ಲ."

"ಸರಿ ಹಾಗಾದ್ರೆ. ಮನೆ ಬಿಡ್ತೀನಿ."

ಆ ಮನೆಯ ಐವತ್ತು ವರ್ಷ ದಾಟಿದ ಬಾಳನ್ನು ಹನ್ನೆರಡು ದಿನದಲ್ಲಿ ಕಟ್ಟಿದಳು. ಇಬ್ಬರ ಮಂಚಗಳಲ್ಲಿ ಒಂದು, ಹೊಲಿಗೆ ಯಂತ್ರ, ಅಪ್ಪನ ಸಂಘದ ಬಾವುಟ, ಪೆಸ್ಯಾ ಕೂತಿದ್ದ ಕುರ್ಚಿ, ಇಷ್ಟು ಅವಳ ಜೊತೆ ಫ್ರೂಮಾಳ ಮನೆಯ ಹಿಂಬದಿಯ ಕೋಣೆಗೆ ಬಂದವು. ಉಳಿದದ್ದನ್ನು ಕೆಳಗಿನ ಮನೆಯ ಅಲ್ತಾಗ್ರಾಸಿಯಾ ತೆಗೆದುಕೊಂಡಳು. ಆ ಕಟ್ಟಡದ ಬಾಡಿಗೆದಾರರಿಗೆ ಮುಂದಾಳು ಅವಳೇ, ಡೊಮಿನಿಕನ್ ಹೆಂಗಸು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು. ಅಷ್ಟು ವರ್ಷ ಅಲುಗದಿದ್ದ ಮುದುಕಿ ತಾನಾಗಿ ಹೋಗುತ್ತಿದ್ದಾಳೆ ಅಂತ ಕೇಳಿ ಮಾಲೀಕನಿಗೆ ಎಷ್ಟು ಖುಷಿಯಾಯಿತು ಅಂದರೆ, ಫ್ರೂಮಾಳ ಮನೆಗೆ ಒಂದು ಬುಟ್ಟಿ ಪೇರ್ ಹಣ್ಣು ಕಳಿಸಿದ. ಶುಭವಾಗಲಿ ಅಂತ ಚೀಟಿ. ಹೆನ್ಯಾ ಒಂದೊಂದೇ ಹಣ್ಣನ್ನು ಹೆಚ್ಚಿ ಸಕ್ಕರೆ ಹಾಕಿ ಬೇಯಿಸಿ ಶೀಷೆಗೆ ತುಂಬಿದಳು. ತಿಂಗಳು ತುಂಬುವಷ್ಟರಲ್ಲಿ ಸಂಘಕ್ಕೆ ಮೊದಲ ಹಣ ಹೋಯಿತು, ಸಂಘ ಒಬ್ಬ ವಕೀಲೆಯನ್ನು ಹಿಡಿಯಿತು. ಅವತ್ತು ಆ ಶೀಷೆ ತೆಗೆದು ಇಬ್ಬರೂ ಟೀ ಜೊತೆ ತಿಂದರು. ಚೆನ್ನಾಗಿತ್ತು.

ಸಂಘದಿಂದ ಧನ್ಯವಾದದ ಪತ್ರ ಬರುತ್ತಿತ್ತು: ದಿವಂಗತ ಹೆಶಲ್ ಅವರ ದೊಡ್ಡ ಮನಸ್ಸಿಗೆ ನಾವು ಋಣಿ, ಬಾಡಿಗೆದಾರರ ಕಷ್ಟ ಅವರಷ್ಟು ಬಲ್ಲವರು ಅಪರೂಪ. ಹೆನ್ಯಾ ಅದನ್ನು ಫ್ರೂಮಾಳಿಗೆ ಎರಡು ಸಲ ಓದಿ ಹೇಳಿ ಫ್ರಿಜ್ಜಿಗೆ ಅಂಟಿಸುವಳು. ಜನವರಿ ಬಂದರೆ ಅವಿವಾಳ ಆಫೀಸಿನ ಪತ್ರ: ನಿಮ್ಮ ಪ್ರೀತಿಯ ಹೆಶಲ್‌ಗೆ ಮೊಂಬತ್ತಿ ಹಚ್ಚಲು ಮರೆಯಬೇಡಿ. ಹೆನ್ಯಾ ಹಚ್ಚುತ್ತಿದ್ದಳು, ಪೆಸ್ಯಾಳ ಫೋಟೋದ ಮುಂದೆ.

ಹೀಗೆ ಎರಡು ವರ್ಷ ಕಳೆಯಿತು. ಆಮೇಲೆ ಆ ಪುಸ್ತಿಕೆ ಬಂತು.

ಆಫೀಸಿನವರು ಅಚ್ಚು ಮಾಡಿಸಿ ಊರಿನ ಎಲ್ಲಾ ಪ್ರಾರ್ಥನೆಮನೆಗಳಿಗೆ ಕಳಿಸಿದ್ದು; ಯಾರ ನೆನಪಿನ ನಿಧಿ ಯಾವುದಕ್ಕೆ ಕೊಟ್ಟಿತು ಅಂತ ಪಟ್ಟಿ, ಜೊತೆಗೆ ಮೊಂಬತ್ತಿ ಹಚ್ಚುವ ತಿಂಗಳು, ತಾರೀಕು. ಪ್ರಾರ್ಥನೆಮನೆಯ ಮೇಲ್ವಿಚಾರಕ ಯೂಡಲ್ ಬಂದ ಕಾಗದವನ್ನೆಲ್ಲ ಓದುವವನು, ಜಾಹೀರಾತನ್ನೂ ಬಿಡುವವನಲ್ಲ. ಆಗ ಹೆಶಲ್ ಊರಲ್ಲಿರಲಿಲ್ಲ, ಚಳಿಗಾಲಕ್ಕೆ ಫ್ಲಾರಿಡಾದಲ್ಲಿದ್ದ. ಯೂಡಲ್ ಪ್ರಾರ್ಥನೆಮನೆಯ ಅಡುಗೆಮನೆಗೆ ಬಂದ. ಫ್ರೂಮಾ ಶನಿವಾರದ ಊಟಕ್ಕೆ ಆಲೂಗಡ್ಡೆ ತುರಿಯುತ್ತಿದ್ದಳು.

"ನಮ್ಮ ಹೆಶಲ್ ಹೋಗ್ಬಿಟ್ಟಿದ್ದಾನೆ ಫ್ರೂಮಾ. ನೋಡು, ನಿಸ್ಸೆನ್‌ನ ಮಗ ಹೆಶಲ್. ಜನವರೀಲಂತೆ. ನಮಗೆ ಒಂದು ಮಾತು ಹೇಳಲಿಲ್ಲ ಮನೆಯವರು."

ಫ್ರೂಮಾ ಪುಸ್ತಿಕೆಯನ್ನು ನೋಡಿದಳು. ತುರಿಯುವುದನ್ನು ನಿಲ್ಲಿಸಲಿಲ್ಲ.

"ಅದರಲ್ಲಿ ಏನು ಬರೆದಿದೆಯೋ, ನನಗೆ ಓದೋಕೆ ಬರಲ್ಲ ಯೂಡಲ್."

ಬಾಡಿಗೆದಾರರ ಸಂಘಕ್ಕೆ ಕೊಟ್ಟಿದ್ದಾನೆ ಅಂತಲೂ ಅದರಲ್ಲೇ ಇತ್ತು. ಸಾಯುವಾಗ ಮನಸ್ಸು ಕರಗಿರಬೇಕು ಅಂತ ಯೂಡಲ್ ಕಣ್ಣೊರೆಸಿಕೊಂಡ. ನೇರ ಒಳಗೆ ಹೋದ. ಗೋಡೆಯ ಮೇಲೆ ಸತ್ತವರ ಹೆಸರು ಕೊರೆದ ಕಂಚಿನ ಫಲಕಗಳಿವೆ, ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಬಲ್ಬು. ಹೆಶಲ್ ಅಪ್ಪ ಅಮ್ಮನ ಪಕ್ಕದಲ್ಲಿ ತನ್ನ ಜಾಗವನ್ನೂ ಮುಂಚೆಯೇ ಕೊಂಡು, ಹೆಸರು ಕೊರೆಸಿ, ಮೇಲೆ ಟೇಪು ಹಚ್ಚಿಸಿಟ್ಟಿದ್ದ. ಆಮೇಲೆ ಬೆಲೆ ಏರುತ್ತದೆ ಅಂತ. ಯೂಡಲ್ ಟೇಪು ಕಿತ್ತು, ಬಲ್ಬು ತಿರುಗಿಸಿ ಹಚ್ಚಿದ.

ಹೆಶಲ್ ಊರಿಗೆ ಬಂದದ್ದು ಪಾಸೋವರ್‌ಗೆ ಎರಡು ವಾರ ಮುಂಚೆ, ಒಂದು ಗುರುವಾರ. ಮನೆಯಲ್ಲಿ ದೀಪ ಕಂಡದ್ದೇ ತಡ, ಪ್ರಾರ್ಥನೆಮನೆಯ ಹೆಂಗಸರು ಸಾವಿನ ಮನೆಗೆ ಒಯ್ಯುವ ಬೇಯಿಸಿದ ಮೊಟ್ಟೆ, ದುಂಡನೆಯ ಬ್ರೆಡ್ಡು, ಉಪ್ಪುಮೀನು ಹೊತ್ತುಕೊಂಡು ಹೋದರು. ಬಾಗಿಲು ತೆರೆದವನು ಅವನೇ, ಬಿಸಿಲಿಗೆ ಮೂಗು ಸುಟ್ಟುಕೊಂಡು. ಒಬ್ಬಳ ಕೈಯಿಂದ ತಟ್ಟೆ ಬಿತ್ತು. ಮೊಟ್ಟೆಗಳು ಅವನ ಮನೆಯ ಮೆಟ್ಟಿಲಿಳಿದು ಉರುಳಿದವು ಅಂತ ಹೇಳಿದವರು ಫ್ರೂಮಾಳಿಗೆ ಮೂವರು, ಮೂವರದೂ ಒಂದೇ ಲೆಕ್ಕ: ಏಳು ಮೊಟ್ಟೆ. ಮರುದಿನ ಬೆಳಿಗ್ಗೆ ಅವನು ಪ್ರಾರ್ಥನೆಗೆ ಬಂದು ಗೋಡೆ ನೋಡಿದ. ತನ್ನ ಹೆಸರಿನ ಪಕ್ಕ ಬಲ್ಬು ಉರಿಯುತ್ತಿತ್ತು. ಯಾರೊಂದಿಗೂ ಮಾತಾಡದೆ ಬಿಸಿ ಬಲ್ಬನ್ನು ಬರಿಗೈಯಲ್ಲಿ ತಿರುಗಿಸಿ ಆರಿಸಿದ. ಬೆರಳು ಸುಟ್ಟಿತು.

ಇದನ್ನು ಫ್ರೂಮಾ ಬಂದು ಹೇಳಿದಾಗ ಹೆನ್ಯಾ ನಗಲಿಲ್ಲ. ಕೈಕೆಲಸ ಪಕ್ಕಕ್ಕಿಟ್ಟು, "ಇನ್ನೊಂದ್ಸಲ ಹೇಳು," ಅಂದಳು. "ನಿಧಾನವಾಗಿ. ಯಾವ ಬೆರಳು?"

ಹಬ್ಬ ಕಳೆದ ಮೇಲೆ ಅವನು ಫ್ರೂಮಾಳ ಮನೆಗೇ ಬಂದ. ಅವಿವಾಳ ಆಫೀಸಿಗೆ ಹೋಗಿದ್ದನಂತೆ. ನಿಧಿಯ ಹೆಸರು ಬದಲಿಸಬೇಕಾದರೆ ಆ ಹೆಶಲ್ ತಾನೇ, ತನ್ನ ಹೆಸರಿಗೂ ಮಿಸ್ ಡ್ರುಕರ್‌ಗೂ ಇಂಥ ಸಂಬಂಧ ಅಂತ ಸಮಿತಿಗೆ ಬರೆದುಕೊಡಿ ಅಂದಿದ್ದರು. ಅದನ್ನು ಬರೆದರೆ ಮುಚ್ಚಿಟ್ಟದ್ದೆಲ್ಲ ತಾನೇ ತೆರೆದ ಹಾಗೆ. ಹ್ಯಾಟು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಎಪ್ಪತ್ತೆಂಟರ ಮನುಷ್ಯ, ಒಳ್ಳೆಯ ಬೂಟು. ಫ್ರೂಮಾ ಕುರ್ಚಿ ಎಳೆದು ಕೊಟ್ಟಳು, ಪೆಸ್ಯಾಳ ಕುರ್ಚಿ. ಅವನಿಗೆ ಗೊತ್ತಿರಲಿಲ್ಲ, ಕೂತ.

"ಮಿಸ್ ಡ್ರುಕರ್, ನಾನು ಬದುಕಿದ್ದೀನಿ."

"ಸಂತೋಷ. ಯಾರು ಅಂತ ಕೇಳೋ ಹಾಗಿಲ್ಲ ನಾನು. ನಿಮ್ಮ ಹೆಸರು ಹೇಳಬಾರದು ಅಂತ ಕಾಗದ ಇದೆ."

"ಆ ಹೆಸರು ತೆಗೆಸೋಕೆ ಎಷ್ಟು ಬೇಕು?"

"ಹಣ ನನ್ನದಲ್ಲ. ಕೊಟ್ಟಾಯ್ತು. ನಾನು ಸಲಹೆ ಕೊಡೋಳು ಮಾತ್ರ." ಹೆನ್ಯಾ ಲೋಟ ಕೆಳಗಿಟ್ಟಳು. "ಅದೂ ಅಲ್ದೆ, ಅದು ನಿಮ್ಮದೇ ಹಣ. ನಿಮ್ಮ ಹೆಸರಲ್ಲಿ ಖರ್ಚಾಗ್ತಿದೆ. ನಾನಾಗಿದ್ರೆ ಹೆಮ್ಮೆ ಪಡ್ತಿದ್ದೆ."

ಅವನು ಫ್ರೂಮಾಳ ಕಡೆ ತಿರುಗಿದ. "ನೀವು ನನ್ನ ತಾಯಿಯನ್ನ ಮೀಯಿಸಿದವರು. ನೀವಾದ್ರೂ ಹೇಳಿ. ಇದು ಮಾಡೋ ಕೆಲಸವಾ?"

ಫ್ರೂಮಾ ಹೇಳಿದಳು, ಒಳಗೆ ಬರುವ ಹೆಂಗಸರಲ್ಲಿ ತನಗೆ ಭೇದವಿಲ್ಲ, ಅವನ ತಾಯಿಗೆ ಎಷ್ಟು ಬಿಸಿ ನೀರು ಹಾಕಿದೆವೋ ಇವಳ ತಂಗಿಗೂ ಅಷ್ಟೇ ಬಿಸಿ ಹಾಕಿದೆವು ಅಂತ.

ಅವನು ಮತ್ತೆ ಆ ಕಡೆ ತಿರುಗಿದ. ನಿಮಗೆ ಏನು ಬೇಕು ಅಂತ ಹೆನ್ಯಾಳನ್ನೇ ಕೇಳಿದ.

"ಅವಳ ಹೆಸರು ಹೇಳಿ."

"ನಿಮ್ಮ ತಂಗಿ ವಿಷಯದಲ್ಲಿ ನನಗೆ..."

"ಹೆಸರು."

ಅವನ ಬಾಯಿ ತೆರೆಯಿತು. ಅದನ್ನು ಫ್ರೂಮಾ ಕಣ್ಣಾರೆ ನೋಡಿದಳು: ತುಟಿ ಕೂಡಿತು, ಆ ಹೆಸರಿನ ಮೊದಲ ಅಕ್ಷರಕ್ಕೆ ಕೂಡುವ ಹಾಗೆ. ಆಮೇಲೆ ಅವನಿಗೆ ಕೋರ್ಟಿನಲ್ಲಿರುವ ಕೇಸು ನೆನಪಾಯಿತೋ ಏನೋ. ವಕೀಲರನ್ನ ಕೇಳಬೇಕು ಅಂದ. ಹ್ಯಾಟು ಹಾಕಿಕೊಂಡು ಹೋದ. ಹೆನ್ಯಾ ಒದ್ದೆ ಬಟ್ಟೆ ತಂದು ಆ ಕುರ್ಚಿಯನ್ನು ಕಾಲು ಸಮೇತ ಒರೆಸಿದಳು.

ಅವಿವಾಳೂ ಬಂದಿದ್ದಳು, ಸಿಟ್ಟಾಗಿ. ಸುಳ್ಳು ಹೇಳಿದಿರಿ ಅಂದಳು. ನೀನು ಹತ್ತಿರದವರಾ ಅಂತ ಕೇಳಿದೆ, ಬದುಕಿದಾರಾ ಅಂತ ಕೇಳಲಿಲ್ಲ ಅಂದಳು ಹೆನ್ಯಾ. ಆದರೂ ಕಾಲುಚೀಲದ ಚೀಲ ತಂದು ಮೇಜಿನ ಮೇಲಿಟ್ಟಳು. ಹುಡುಗಿ ಮೂರೂ ಜೊತೆಯನ್ನು ಎಣಿಸಿ ಮತ್ತೆ ಚೀಲಕ್ಕೆ ಹಾಕಿದಳು. ಎದ್ದು ಹೋಗುವಾಗ, ನಿಮ್ಮ ನಂತರ ನಿಧಿಗೆ ಸಲಹೆ ಕೊಡುವವರು ಯಾರು, ಅರ್ಜಿಯಲ್ಲಿ ಆ ಜಾಗ ಖಾಲಿ ಇದೆ ಅಂದಳು. ಫ್ರೂಮಾ ಅಂತ ಬರಿ ಅಂದಳು ಹೆನ್ಯಾ.

"ನನಗೆ ಓದೋಕೆ ಬರಲ್ಲ," ಅಂದಳು ಫ್ರೂಮಾ.

"ನೀನು ಮರೆಯೋಳಲ್ಲ. ನಿಧಿಗೆ ಬೇಕಾಗಿರೋದು ಅದು."

ಸಮಿತಿ ಕಾದ ಪತ್ರ ಅವನಿಂದ ಬರಲೇ ಇಲ್ಲ. ನಿಧಿಯ ಹೆಸರು ಹಾಗೇ ಉಳಿಯಿತು. ಕೇಸು ನಡೆಯಿತು, ನಿಂತಿತು, ಮತ್ತೆ ನಡೆಯಿತು. ಕೊನೆಗೆ ಒಂದು ಮಾರ್ಚ್ ತಿಂಗಳಿಗೆ ತಾರೀಕು ಬಿತ್ತು: ಮಾಲೀಕ ತಾನೇ ಬಂದು ಸಾಕ್ಷಿ ಕಟಕಟೆಯಲ್ಲಿ ನಿಂತು ಬಾಯ್ಲರಿನ ಬಗ್ಗೆ ಉತ್ತರಿಸಬೇಕು. ಆ ಹನ್ನೊಂದು ದಿನದಲ್ಲಿ ಸತ್ತವಳು ಯಾರು ಅಂತ ಮೊದಲ ಪ್ರಶ್ನೆಯಲ್ಲೇ ಕೇಳುತ್ತೇನೆ, ಹೆಸರು ಹೇಳದೆ ಬಿಡುವುದಿಲ್ಲ ಅಂತ ವಕೀಲೆ ಮಾತು ಕೊಟ್ಟಿದ್ದಳು. ಹೆನ್ಯಾ ಹಳೆಯ ನೀಲಿ ಟೋಪಿಗೆ ಹೊಸ ಒಳಪಟ್ಟಿ ಹೊಲಿದಳು. ಕೋರ್ಟಿನಲ್ಲಿ ಎಷ್ಟನೇ ಬೆಂಚಿನಲ್ಲಿ ಕೂತರೆ ಚೆನ್ನಾಗಿ ಕೇಳಿಸುತ್ತದೆ ಅಂತ ಒಂದು ದಿನ ಹೋಗಿ ನೋಡಿಯೂ ಬಂದಳು. ಎರಡನೆಯದು.

ತಾರೀಕಿಗೆ ಐದು ದಿನ ಇರುವಾಗ ಅಲ್ತಾಗ್ರಾಸಿಯಾ ಓಡಿ ಬಂದಳು. ಮಾಲೀಕನ ಕಡೆಯವರು ವೈದ್ಯರ ಕಾಗದ ಕೊಟ್ಟು ಮುಂದಕ್ಕೆ ಹಾಕಿಸಿದ್ದಾರೆ, ಹಬ್ಬ ಕಳೆದ ಮೇಲಂತೆ. ಹೃದಯದ ಆಪರೇಷನ್ ಆಗಿದೆ, ಎಚ್ಚರ ಬಂದಿಲ್ಲ. ಅವನು ಸತ್ತರೆ ಮಕ್ಕಳು ಒಪ್ಪಂದ ಮಾಡಿಕೊಂಡು ರಿಪೇರಿ ಮಾಡಿಸಿ ಕೊಡುತ್ತಾರೆ, ಕೇಸು ಅಲ್ಲಿಗೆ ಮುಗಿಯುತ್ತದೆ ಅಂತ ವಕೀಲೆ ಹೇಳಿದಳಂತೆ. ಕಟ್ಟಡದವರಿಗೆ ಅಷ್ಟು ಸಾಕು. ಅವರಿಗೆ ಮಕ್ಕಳುಮರಿ ಇದ್ದಾರೆ. ಅದನ್ನು ಹೇಳುವಾಗ ಅಲ್ತಾಗ್ರಾಸಿಯಾ ಹೆನ್ಯಾಳ ಮುಖ ನೋಡಲಿಲ್ಲ.

ಹೆನ್ಯಾ ಆಗಲೇ ಮಲಗಿದ್ದಳು. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತ್ತು. ಆಸ್ಪತ್ರೆ ಬೇಡ ಅಂದಿದ್ದಳು, ಮಾರ್ಚ್ ಕಳೆಯಲಿ ಅಂತ.

ಅವನಿಗಾಗಿ ಪ್ರಾರ್ಥನೆಮನೆಯಲ್ಲಿ ಬೇಡುತ್ತಿದ್ದಾರಾ ಅಂತ ಫ್ರೂಮಾಳನ್ನು ಕೇಳಿದಳು. ಇಲ್ಲ ಅಂದಳು ಫ್ರೂಮಾ. ಆ ಬಲ್ಬಿನ ಗಲಾಟೆ ಆದಮೇಲೆ ಅವನ ಹೆಸರನ್ನು ಯಾವ ಪಟ್ಟಿಯಲ್ಲೂ ಓದಕೂಡದು ಅಂತ ಅವನೇ ಯೂಡಲ್‌ಗೆ ತಾಕೀತು ಮಾಡಿದ್ದ. ಮನೆಯವರು ಅದನ್ನೇ ಹಿಡಿದಿದ್ದಾರೆ. ಇಡೀ ಬ್ರಾಂಕ್ಸ್‌ನಲ್ಲಿ ಆ ಮನುಷ್ಯನಿಗಾಗಿ ಒಬ್ಬರೂ ಬಾಯಿ ತೆರೆದಿಲ್ಲ.

ಫ್ರೂಮಾ ಸಾರು ಕುಡಿಸಿದಳು, ನಾಲ್ಕು ಚಮಚ. ಐದನೆಯದನ್ನು ಹೆನ್ಯಾ ಕೈಯಿಂದ ತಡೆದಳು.

"ಹಾಗೆಲ್ಲ ಸುಮ್ಮನೆ ಹೋಗೋಕೆ ಬಿಡಲ್ಲ ಅವನನ್ನ," ಅಂದಳು. "ಅವನು ಎದ್ದು ಬರಬೇಕು. ಕಾಲ ಮೇಲೆ ನಿಲ್ಲಬೇಕು, ನಾಲಿಗೆ ನೆಟ್ಟಗಿರಬೇಕು. ಪ್ರಾರ್ಥನೆ ಪುಸ್ತಕ ಎಲ್ಲಿದೆ, ಪೆಸ್ಯಾದು? ಅದೇ, ಕಪ್ಪು ರಟ್ಟಿಂದು."

ಫ್ರೂಮಾ ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. ಅರವತ್ತು ವರ್ಷ ದೇವರ ಜೊತೆ ಮಾತು ಬಿಟ್ಟವಳು ಹಾಳೆ ತಿರುಗಿಸಿ, ರೋಗಿಗಳಿಗಾಗಿ ಬೇಡುವ ಸಾಲುಗಳನ್ನು ಹುಡುಕಿದಳು. ಜ್ವರದ ಬೆರಳು ಸಾಲು ತಪ್ಪಲಿಲ್ಲ. ಹೆಸರಿನ ಜಾಗಕ್ಕೆ ಬಂದು ನಿಂತಿತು. ಫ್ರೂಮಾಳ ಕಡೆ ತಿರುಗಿದಳು. ಈಗ ಕೇಳಿದ ಪ್ರಶ್ನೆಯ ನಂತರ ಅವಳು ಫ್ರೂಮಾಳನ್ನು ಇನ್ನೇನೂ ಕೇಳಲಿಲ್ಲ. ಅವಳ ಬಾಳಿನಲ್ಲಿ ಎರಡು ದಿನವೂ ಉಳಿದಿರಲಿಲ್ಲ.

"ನೀನು ಅವಳನ್ನ ಮೀಯಿಸಿದ್ದೆ, ಫ್ರೂಮಾ. ಅವನ ತಾಯಿ ಹೆಸರೇನು?"